ವಾಸನೆಗೆ ಸೊನ್ನೆ

ಆ ಮನೆಯ ಸೊಸೆಗೆ ಸಂಬಳ ಬರುತ್ತಿದ್ದದ್ದು ಮೂಗಿಗೆ. ಹೀಗೆಂದರೆ ಯಾರೂ ನಂಬುವುದಿಲ್ಲ, ಆದರೆ ಒಂದಿಷ್ಟೂ ಸುಳ್ಳಲ್ಲ. ಎಳೆಮಕ್ಕಳಿಗೂ ಹಾಸಿಗೆ ಹಿಡಿದವರಿಗೂ ಡೈಪರ್ ತಯಾರಿಸುವ ಕಾರ್ಖಾನೆಯಲ್ಲಿ ಅವಳ ಕೆಲಸ. ಕಾರ್ಖಾನೆಯ ಹಿಂಬದಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಅಲ್ಲಿ ಆರು ಹೆಂಗಸರು ಸಾಲಾಗಿ ಕೂತು, ಗಾಜಿನ ಭರಣಿಗಳ ಮುಚ್ಚಳವನ್ನು ಒಂದೊಂದಾಗಿ ತೆರೆದು, ಒಳಗಿದ್ದ ನೆನೆದ ಡೈಪರಿನ ತುಂಡನ್ನು ಮೂಸಿ, ಚೀಟಿಯ ಮೇಲೆ ಅಂಕ ಬರೆಯಬೇಕು. ಸೊನ್ನೆ ಎಂದರೆ ವಾಸನೆಯೇ ಇಲ್ಲ, ಐದು ಎಂದರೆ ಎದ್ದು ಹೊರಗೆ ಓಡುವಷ್ಟು. ಕೆಲಸದ ದಿನ ಪೌಡರು ಹಾಕುವಂತಿಲ್ಲ, ಈರುಳ್ಳಿ ತಿನ್ನುವಂತಿಲ್ಲ, ನೆಗಡಿಯಾದರೆ ಆ ಕೋಣೆಗೆ ಕಾಲಿಡುವಂತಿಲ್ಲ.

ಆರು ಜನರಲ್ಲಿ ಇವಳದೇ ಮೇಲುಗೈ. ಉಳಿದವರು ಎರಡೋ ಮೂರೋ ಎಂದು ತಿಣುಕುವಾಗ ಇವಳು ಒಮ್ಮೆ ಮೂಸಿ ಬರೆದು ಮುಂದಿನ ಭರಣಿಗೆ ಹೋಗಿಬಿಡುತ್ತಿದ್ದಳು. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಮೂಗಿನಕ್ಕ ಎಂದು. ಅವಳಿಗೆ ಆ ಹೆಸರಿನ ಮೇಲೆ ಪ್ರೀತಿಯೇ ಇತ್ತು. ಕೆಳಗಿನ ಮನೆಯವರ ಹಾಲು ಕೆಟ್ಟದ್ದು ಮೇಲಿನ ಮನೆಯಲ್ಲಿ ಇವಳಿಗೆ ಮೊದಲು ಗೊತ್ತಾಗುತ್ತಿತ್ತು. ಲಿಫ್ಟ್ ರಿಪೇರಿ ಮಾಡುವ ಗಂಡ ಮೂರನೇ ಮಹಡಿ ಹತ್ತಿ ಬರುವಷ್ಟರಲ್ಲಿ ಅವನು ಆ ದಿನ ಎಷ್ಟು ಸಿಗರೇಟು ಸೇದಿದ್ದಾನೆಂದು ಇವಳು ಲೆಕ್ಕ ಹೇಳುತ್ತಿದ್ದಳು. ಪೊಲೀಸಿನವರಿಗೆ ನಾಯಿ ಕಡಿಮೆ ಬಿದ್ದರೆ ನಿನ್ನನ್ನು ಕರೆದುಕೊಂಡು ಹೋಗುತ್ತಾರೆ ನೋಡು ಎಂದು ಅವನು ಛೇಡಿಸುತ್ತಿದ್ದ.

ಇದು ಅತ್ತೆಗೆ ಲಕ್ವ ಹೊಡೆಯುವುದಕ್ಕಿಂತ ಹಿಂದಿನ ಮಾತು. ಆಮೇಲೆ ಆ ಮನೆಯಲ್ಲಿ ಛೇಡಿಸುವ ಮಾತು ಕಡಿಮೆಯಾಯಿತು.

ಅತ್ತೆ ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವರು. ರಕ್ತ, ಕೀವು, ವಾಂತಿ, ಏನೇ ಮೆತ್ತಿದ್ದರೂ ಅವರ ಕೈಗೆ ಬಂದ ಹಾಸು ಸಂಜೆಯೊಳಗೆ ಬೆಳ್ಳಗಾಗಿ ಮಡಿಕೆಯಾಗಿ ಹೋಗುತ್ತಿತ್ತಂತೆ. ಲಕ್ವದಿಂದ ಎಡಗೈ ಎಡಗಾಲು ಬಿದ್ದುಹೋದವು. ನಾಲಿಗೆ ಮಾತ್ರ ಬೀಳಲಿಲ್ಲ ಎಂದು ಸೊಸೆ ಕಾರ್ಖಾನೆಯಲ್ಲಿ ನಗುತ್ತ ಹೇಳುತ್ತಿದ್ದಳು. ಮುಂದಿನ ಕೋಣೆಯಲ್ಲಿ ಮಂಚ ಹಾಕಿ ಮಲಗಿಸಿದರು. ವ್ಯಾಯಾಮ ಮಾಡಿಸಲು ತಿಂಗಳಿಗೆ ಎರಡು ಸಲ ಬರುತ್ತಿದ್ದ ಹುಡುಗಿ ಕೈಕಾಲು ಎಳೆದು ಮಡಚಿ ನೋಡಿ, ಮೈ ಗಟ್ಟಿಯಿದೆ, ಇನ್ನು ಮೂರು ತಿಂಗಳಲ್ಲಿ ಕುರ್ಚಿಯಲ್ಲಿ ಕೂರಿಸಬಹುದು ಎಂದಿದ್ದಳು. ಅತ್ತೆ ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡು, ಒಂದು ಕುರ್ಚಿಯನ್ನು ಕಣ್ಣೆದುರೇ ಹಾಕಿಸಿಕೊಂಡರು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಎಷ್ಟು ವಾರ ಉಳಿಯಿತು ಎಂದು ಮೊಮ್ಮಗಳನ್ನು ಕೇಳುತ್ತಿದ್ದರು.

ಡೈಪರ್ ಬೇಡ, ಹಳೆ ಹತ್ತಿಬಟ್ಟೆಯೇ ಆಗಬೇಕು ಎಂದು ಅವರ ಹಟ. ಒದ್ದೆಯಾದ ತಕ್ಷಣ ಬದಲಿಸಬೇಕು. ದಿನಕ್ಕೆ ಎಂಟು, ಹತ್ತು ಬಟ್ಟೆ. ಬೆಳಗಿನವನ್ನು ಸೊಸೆ ಒಗೆಯುತ್ತಿದ್ದಳು, ಮಧ್ಯಾಹ್ನದವನ್ನು ಕಾಲೇಜಿನಿಂದ ಬಂದ ಮೊಮ್ಮಗಳು. ಗಂಡ ಬಿಸಿನೀರು ಕಾಯಿಸಿ ಕೊಡುತ್ತಿದ್ದ, ಅಲ್ಲಿಗೆ ಅವನು ಕೈ ತೊಳೆದುಕೊಂಡಂತೆ. ಹೆತ್ತ ತಾಯಿಯ ಮೈಯನ್ನು ಗಂಡುಮಗ ಹಾಗೆ ನೋಡಲಾಗುತ್ತದೆಯೇ ಎಂದು ಕೇಳುತ್ತಿದ್ದ. ಅಡುಗೆ ಬೇಕಾದರೆ ಮಾಡುತ್ತೇನೆ, ಅದೊಂದು ಮಾತ್ರ ಕೇಳಬೇಡ ಎನ್ನುತ್ತಿದ್ದ. ನಿಜಕ್ಕೂ ಅಡುಗೆ ಮಾಡುತ್ತಿದ್ದ, ಚೆನ್ನಾಗಿಯೇ ಮಾಡುತ್ತಿದ್ದ. ಆದರೆ ಅಡುಗೆಮನೆಯಿಂದ ಮಂಚದವರೆಗಿನ ಆ ಹತ್ತು ಹೆಜ್ಜೆ ಅವನಿಂದ ಆಗಲಿಲ್ಲ.

ಮನೆಯೊಳಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದರು. ಎಷ್ಟು ತೊಳೆದರೂ ಮನೆಯಲ್ಲಿ ಒಂದು ಘಾಟು. ಬೇರೆಯವರಿಗೆ ಅದು ಅರ್ಧ ಗಂಟೆಯಲ್ಲಿ ರೂಢಿಯಾಗುತ್ತಿತ್ತು. ಸೊಸೆಯ ಮೂಗಿಗೆ ರೂಢಿಯೆಂಬುದೇ ಗೊತ್ತಿಲ್ಲ. ಹಗಲೆಲ್ಲ ಮೂಸಿ ಬಂದು ಮನೆಯಲ್ಲೂ ಅದೇ ಎಂದರೆ ಅವಳಾದರೂ ಏನು ಮಾಡಿಯಾಳು. ಮಗಳ ಪರೀಕ್ಷೆಯ ಅಂಕ ಬೇರೆ ಇಳಿದಿತ್ತು. ಇಂಥ ಹೊತ್ತಿಗೆ ಲ್ಯಾಬಿನ ಮೇಡಂ ಅವಳನ್ನು ಕರೆಸಿದರು.

ಹೊಸ ಡೈಪರ್ ಬಂದಿದೆ ಎಂದರು ಮೇಡಂ. ಒಳಪದರದಲ್ಲಿ ಬೆಳ್ಳಿಯ ಅಂಶ ಸೇರಿಸಿದ್ದಾರೆ, ಅದು ಕ್ರಿಮಿಗಳನ್ನು ಕೊಲ್ಲುತ್ತದೆ. ಅಂಗಡಿಗೆ ಬಿಡುವ ಮೊದಲು ಅರವತ್ತು ಮನೆಗಳಲ್ಲಿ ಆರು ವಾರ ಬಳಸಿ ನೋಡಬೇಕು. ಹೇಗೂ ನಿಮ್ಮ ಮನೆಯಲ್ಲಿ ಒಬ್ಬರು ಮಲಗಿದ್ದಾರೆ, ನಿಮ್ಮಂಥ ಮೂಗು ಬೇರೆಲ್ಲಿ ಸಿಗುತ್ತದೆ ಎಂದು ಹೊಗಳಿದರು. ಡೈಪರೆಲ್ಲ ಬಿಟ್ಟಿ. ಬೆಳಿಗ್ಗೆ ಒಂದು, ಸಂಜೆ ಒಂದು. ಹನ್ನೆರಡು ಗಂಟೆ ಮುಟ್ಟದೆ ಬಿಟ್ಟು, ಬಿಚ್ಚಿದ ಕೂಡಲೇ ಮೂಸಿ ಫಾರಂನಲ್ಲಿ ಅಂಕ ಬರೆದರಾಯಿತು. ಸೊಸೆಗೆ ಕುಣಿಯುವಷ್ಟು ಖುಷಿಯಾಯಿತು. ಎರಡು ದೊಡ್ಡ ಪೆಟ್ಟಿಗೆಗಳನ್ನು ಆಟೋದಲ್ಲಿ ಹಾಕಿಕೊಂಡು ಬಂದಳು.

ಅತ್ತೆ ಮುಖ ತಿರುಗಿಸಿದರು. ಮಗ ಮಂಚದ ಬಳಿ ನಿಂತು, ಆರು ವಾರ ತಾನೆ, ಸ್ವಲ್ಪ ಹೊಂದಿಕೋ ಅಮ್ಮ ಎಂದು ಬೇಡಿಕೊಂಡ. ಮೊಮ್ಮಗಳ ಓದಿನ ಮಾತು ಬಂದ ಮೇಲೆ ಅವರು ಒಪ್ಪಿದರು.

ಮೊದಲ ದಿನ ಬೆಳಿಗ್ಗೆ ಆರೂವರೆಗೆ ಕಟ್ಟಿ ಹೋದ ಸೊಸೆ ಸಂಜೆ ಆರೂವರೆಗೆ ಬಿಚ್ಚಿದಳು. ಡೈಪರ್ ತುಂಬಿ ಭಾರವಾಗಿತ್ತು. ಮೂಸಿದಳು. ಮತ್ತೊಮ್ಮೆ ಮೂಸಿದಳು. ಹೊಸ ಕಾಗದದ ವಾಸನೆ ಬಿಟ್ಟರೆ ಏನೂ ಇಲ್ಲ. ಹತ್ತು ವರ್ಷ ಭರಣಿ ಮೂಸಿದವಳು ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಫಾರಂನಲ್ಲಿ ದುಂಡಗೆ ಸೊನ್ನೆ ಬರೆದು ಗಂಡನಿಗೆ ತೋರಿಸಿದಳು.

ಒಂದೇ ವಾರದಲ್ಲಿ ಮನೆ ಮನೆಯಂತಾಯಿತು. ಹಗ್ಗ ಬಿಚ್ಚಿದರು. ಮಗಳು ಪುಸ್ತಕ ಹಿಡಿದಳು. ಊಟದ ಮೇಜನ್ನು ಎಳೆದು ತಂದು ಅತ್ತೆಯ ಮಂಚಕ್ಕೆ ತಾಗಿಸಿ ಹಾಕಿದರು. ಸಂಜೆಯ ಊಟ ನಾಲ್ವರೂ ಒಟ್ಟಿಗೆ. ಗಂಡ ಬೇಳೆ ಬೇಯಿಸಿ, ಮೊಟ್ಟೆ ಹುರಿದು, ಬಿಸಿ ಅನ್ನ ಬಡಿಸುತ್ತ ಆ ದಿನ ಯಾವ ಕಟ್ಟಡದ ಲಿಫ್ಟಿನಲ್ಲಿ ಯಾರು ಸಿಕ್ಕಿಬಿದ್ದರೆಂದು ಹೇಳುತ್ತಿದ್ದ. ಅತ್ತೆ ಬಲಗೈಯಿಂದ ತಾವೇ ಕಲಸಿ ಉಣ್ಣುತ್ತಿದ್ದರು, ಉಪ್ಪು ಕಡಿಮೆ ಹುಳಿ ಹೆಚ್ಚು ಎಂದು ತಕರಾರು ತೆಗೆಯುತ್ತಿದ್ದರು. ಸೊಸೆಗೆ ಆ ತಕರಾರೂ ಹಿತವಾಗಿತ್ತು. ತಾನು ಏನೋ ಸಾಧಿಸಿದೆ ಅನ್ನಿಸಿತ್ತು ಅವಳಿಗೆ, ಅನ್ನಿಸದೆ ಇರುತ್ತದೆಯೇ.

ಬದಲಿಸುವ ಕೆಲಸವನ್ನು ಅವಳು ಒಬ್ಬಳೇ ಮಾಡಬೇಕಿತ್ತು. ಅತ್ತೆಯದು ದೊಡ್ಡ ಮೈ. ಎಡಭಾಗ ಮರದ ದಿಮ್ಮಿ. ಪೂರ್ತಿ ಮಗ್ಗುಲಿಗೆ ಹೊರಳಿಸಲು ಇಬ್ಬರು ಬೇಕು. ಒಂದು ನಿಮಿಷ ಬನ್ನಿ ಎಂದು ಗಂಡನನ್ನು ಕರೆದರೆ ಅವನು ಒಲೆಯ ಮೇಲೆ ಏನೋ ಇದೆ ಎನ್ನುತ್ತಿದ್ದ. ಆದ್ದರಿಂದ ಅವಳು ಅತ್ತೆಯ ಮಂಡಿ ಮಡಚಿ, ಸೊಂಟವನ್ನು ನಾಲ್ಕು ಬೆರಳಷ್ಟು ಎತ್ತಿ, ಹಳೆಯದನ್ನು ಎಳೆದು, ಮುಂದಿನಿಂದ ಒರೆಸಿ, ಹೊಸದನ್ನು ತೂರಿಸುವುದನ್ನು ರೂಢಿ ಮಾಡಿಕೊಂಡಳು. ಬೆನ್ನ ಕೆಳಭಾಗ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ನೋಡುವ ಅಗತ್ಯವೂ ಅವಳಿಗೆ ಕಾಣಲಿಲ್ಲ, ಮೂಗು ಎಲ್ಲ ಹೇಳುತ್ತಿತ್ತಲ್ಲ.

ಎರಡನೇ ವಾರ ಅತ್ತೆ ಉರಿ ಎಂದರು. ಸೊಸೆ ತೊಡೆಯ ಸಂದಿಗೆ ಪೌಡರು ಹಾಕಿದಳು. ಮೂರನೇ ವಾರದ ಭಾನುವಾರ ಮಧ್ಯಾಹ್ನ ಅವಳು ಮನೆಯಲ್ಲೇ ಇದ್ದಳು, ಮೇಜಿನ ಮೇಲೆ ಕಾಳು ಆರಿಸುತ್ತಿದ್ದಳು. ಅತ್ತೆ ಕರೆದರು.

"ಬಿಚ್ಚಿಬಿಡು ಇದನ್ನ."

"ಕಟ್ಟಿ ಇನ್ನೂ ಹನ್ನೆರಡು ಗಂಟೆ ಆಗಿಲ್ಲ ಅತ್ತೆ."

"ಒದ್ದೆಯಾಗಿದೆ."

"ಆಗಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ? ಒಂಚೂರೂ ವಾಸನೆ ಇಲ್ಲ."

"ನಿನ್ನ ಮೂಗು ನನ್ನ ಬೆನ್ನಲ್ಲಿದೆಯಾ? ಕೈ ಇಟ್ಟು ನೋಡು. ಅಂಗೈ ಅಲ್ಲ, ಕೈಯ ಹಿಂಬದಿ ಇಡು."

ಲಾಂಡ್ರಿಯಲ್ಲಿ ಹಾಗೇ ಮಾಡುತ್ತಿದ್ದರಂತೆ. ಸೋಡಾಪುಡಿಗೆ ಅಂಗೈ ಜಡ್ಡುಗಟ್ಟಿ ಹೋಗಿರುತ್ತದೆ, ಒಣಗಿದ್ದು ಯಾವುದು ಹಸಿ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಅದಕ್ಕೇ ಒಂದೊಂದು ಹಾಸಿನ ಮೇಲೂ ಕೈಯ ಹಿಂಬದಿ ಸವರಿ ನೋಡಿಯೇ ಮಡಚಬೇಕು. ಅತ್ತೆ ಇದನ್ನು ಹಿಂದೆ ನೂರು ಸಲ ಹೇಳಿದ್ದರು, ನೂರು ಸಲ ಕೇಳಿದ್ದು ಯಾರ ಕಿವಿಗೆ ಹೋಗುತ್ತದೆ. ಆರೂವರೆಗೆ ಹೇಗೂ ಬಿಚ್ಚುತ್ತೇನೆ, ಅಲ್ಲಿಯವರೆಗೆ ಒಂದು ನಿದ್ದೆ ಮಾಡಿ ಎಂದು ಹೇಳಿ ಸೊಸೆ ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಅದೇ ವಾರ ಒಂದು ಸಂಜೆ ಅವಳು ಬಿಚ್ಚಲು ಹೋದಾಗ ಡೈಪರ್ ಹಗುರವಾಗಿತ್ತು. ಮಗಳನ್ನು ಕೇಳಿದಳು. ಮೂರು ಗಂಟೆಗೆ ಬದಲಿಸಿದೆ ಎಂದು ಮಗಳು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಳು.

"ಅಜ್ಜಿ ಅಳ್ತಿದ್ರು ಅಮ್ಮ. ನೀರೇ ಕುಡೀತಿಲ್ಲ ಈಗ. ಕುಡಿದ್ರೆ ಒದ್ದೆ ಆಗುತ್ತಂತೆ."

"ಹನ್ನೆರಡು ಗಂಟೆ ಮುಟ್ಟಬಾರದು ಅಂತ ಎಷ್ಟು ಸಲ ಹೇಳಲಿ? ಫಾರಂ ಹಾಳಾಯ್ತು. ಈ ಹೊತ್ತಿಗೆ ಏನು ಬರೀಲಿ ನಾನು?"

"ಸೊನ್ನೆ ಬರಿ. ಹೇಗೂ ಅದನ್ನೇ ಬರೀತೀಯಲ್ಲ."

ಎದುರುತ್ತರ ಕೊಡುವಷ್ಟು ಬೆಳೆದೆಯಾ ಎಂದು ತಾಯಿ ರೇಗಿದಳು. ಅಡುಗೆಮನೆಯಿಂದ ಗಂಡ ಬಂದು, ನಿನಗೆ ಓದಲು ಬಿಡುವಾಗಲಿ ಅಂತಲೇ ಇಷ್ಟೆಲ್ಲ ಮಾಡುತ್ತಿರುವುದು, ಅಮ್ಮ ಹೇಳಿದ ಹಾಗೆ ಕೇಳು ಎಂದು ಮಗಳಿಗೇ ಬುದ್ಧಿ ಹೇಳಿದ. ಅತ್ತೆ ಗೋಡೆ ಕಡೆ ಕತ್ತು ಹೊರಳಿಸಿ ಮಲಗಿದ್ದರು. ಮೊಮ್ಮಗಳಿಗೆ ಬೈಗುಳ ಬಿದ್ದ ಆ ದಿನದಿಂದ ಅವರು ಬಿಚ್ಚು ಎಂದು ಕೇಳುವುದನ್ನು ಬಿಟ್ಟರು. ಇನ್ನೆಷ್ಟು ವಾರ ಎಂದು ಕೇಳುವುದನ್ನೂ ಬಿಟ್ಟರು. ಅಂತೂ ಹೊಂದಿಕೊಂಡರು ಎಂದು ಗಂಡ ಹೆಂಡತಿ ನೆಮ್ಮದಿಯ ಉಸಿರು ಬಿಟ್ಟರು, ಹಾಳು ನೆಮ್ಮದಿ.

ಐದನೇ ವಾರದ ಮಂಗಳವಾರ ಸೊಸೆಗೆ ನೆಗಡಿ ಹಿಡಿಯಿತು. ಭರಣಿಗಳ ಕೋಣೆಯ ಬಾಗಿಲಲ್ಲೇ ಮೇಡಂ ಅವಳನ್ನು ತಡೆದು ಮನೆಗೆ ಕಳಿಸಿದರು. ಹತ್ತು ಗಂಟೆಗೆ ಮನೆಗೆ ಬಂದಾಗ ಅತ್ತೆ ಒಬ್ಬರೇ ಇದ್ದರು. ಮೈ ಸುಡುತ್ತಿತ್ತು, ಕರೆದರೆ ಅರ್ಧ ಕಣ್ಣು ಬಿಟ್ಟು ಮತ್ತೆ ಮುಚ್ಚಿದರು. ತನ್ನ ನೆಗಡಿಯೇ ಅವರಿಗೂ ತಗುಲಿರಬೇಕು ಎಂದುಕೊಂಡು ಸೊಸೆ ಹಣೆಗೆ ಒದ್ದೆಬಟ್ಟೆ ಹಾಕಿದಳು. ಹೇಗೂ ಇದ್ದೇನಲ್ಲ, ಡೈಪರ್ ನೋಡಿಬಿಡೋಣ ಎಂದು ಬಾಗಿ ಮೂಸಿದಳು. ಮೂಗು ಕಟ್ಟಿಹೋಗಿತ್ತು. ಅತ್ತೆಯ ಮೈಯ ಬಳಿ ಬಾಗಿ ಏನೂ ತಿಳಿಯದೆ ನಿಂತದ್ದು ಅದೇ ಮೊದಲು. ಬೇರೆ ದಾರಿ ಕಾಣದೆ ಅವಳು ಕೈಯನ್ನು ತಿರುಗಿಸಿ ಹಿಂಬದಿಯನ್ನು ಅತ್ತೆಯ ಸೊಂಟದ ಕೆಳಗೆ ತೂರಿಸಿದಳು.

ಸುಡುವ ಮೈಯ ಕೆಳಗೆ ತಣ್ಣನೆ ಹಸಿ. ಕೈ ಹೊರಗೆ ತೆಗೆದರೆ ಬೆರಳ ಗೆಣ್ಣುಗಳ ಮೇಲೆ ಕಂದು ಬಣ್ಣದ ನೀರು. ಎಲ್ಲಿಂದ ಬಂತೋ ಆ ಶಕ್ತಿ, ಹಾಸನ್ನು ಹಿಡಿದೆಳೆದು ಒಬ್ಬಳೇ ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿದಳು. ಬೆನ್ನ ಕೆಳಭಾಗದ ಚರ್ಮ ಅಂಗೈ ಅಗಲಕ್ಕೆ ಬೆಂದು ಸುಲಿದಿತ್ತು. ನಡುವೆ, ಬಾಲದ ಮೂಳೆಯ ಮೇಲೆ, ಲೋಟದ ಬಾಯಿಯಷ್ಟು ಜಾಗ ಕಪ್ಪಗಾಗಿತ್ತು. ಸೊಸೆ ಮಂಚದ ಅಂಚಿನಲ್ಲಿ ಕೂತಳು.

"ಯಾಕತ್ತೆ ಹೇಳಲಿಲ್ಲ?" ಎಂದಳು.

"ಹೇಳಿದ್ದೆ," ಎಂದರು ಅತ್ತೆ.

ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಸಿಸ್ಟರ್ ಹಳಬರು. ಕಪ್ಪಾದ ಮಾಂಸವನ್ನು ಕತ್ತರಿಸಿ ತೆಗೆದು, ಕೈಗವಸಿನ ಬೆರಳನ್ನು ಒಳಗೆ ಇಟ್ಟು ನೋಡಿದರು. ಬೆರಳು ಎರಡು ಗೆಣ್ಣು ಒಳಗೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಗಂಡ ಹೊರಗೆ ಹೋದ. ಎಷ್ಟು ಗಂಟೆಗೊಮ್ಮೆ ಬದಲಿಸುತ್ತಿದ್ದಿರಿ ಎಂದು ಸಿಸ್ಟರ್ ಕೇಳಿದರು. ಹನ್ನೆರಡು ಎಂದಳು ಸೊಸೆ. ಆಮೇಲೆ ಯಾರೂ ಕೇಳದಿದ್ದರೂ, ವಾಸನೆ ಬರುತ್ತಿರಲಿಲ್ಲ ಸಿಸ್ಟರ್, ಒಂದು ದಿನವೂ ಬರಲಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು.

"ವಾಸನೆ ಮಾಡೋದು ಕ್ರಿಮಿ ಕಣಮ್ಮ. ಡೈಪರಲ್ಲಿರೋ ಕ್ರಿಮಿ ಸತ್ತರೆ ವಾಸನೆ ನಿಲ್ಲುತ್ತೆ. ಒದ್ದೆ ಎಲ್ಲಿಗೆ ಹೋಗುತ್ತೆ? ಒದ್ದೆಯಲ್ಲಿ ಒಂದೇ ಸಮ ಅಂಗಾತ ಮಲಗಿಸಿದ್ರೆ ಯಾರ ಚರ್ಮ ಆದ್ರೂ ಕಿತ್ತು ಬರುತ್ತೆ. ಇವರಿಗೆ ಶುಗರ್ ಬೇರೆ ಇದೆ."

ಸಿಸ್ಟರ್ ಗದರಲಿಲ್ಲ. ಗದರಿದ್ದರೆ ಸೊಸೆಗೆ ಎಷ್ಟೋ ವಾಸಿ ಅನ್ನಿಸುತ್ತಿತ್ತು. ಡಾಕ್ಟರು ಗಂಡನನ್ನು ಪಕ್ಕಕ್ಕೆ ಕರೆದು, ಸೋಂಕು ಮೂಳೆಗೆ ಇಳಿದಿದೆ, ಆಪರೇಷನ್ ತಡೆಯುವ ಮೈಯಲ್ಲ ಇದು ಎಂದರು. ಒಂಬತ್ತು ದಿನ ಸೂಜಿ ಚುಚ್ಚಿ ಮನೆಗೆ ಕಳಿಸಿದರು. ದಿನಾ ಗಾಯ ತೊಳೆದು ಕಟ್ಟಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೈ ಒಣಗಿರಬೇಕು, ಯಾವ ಡೈಪರೂ ಕೂಡದು. ಹಾಗೆಲ್ಲ ಮಾಡಿದರೆ ವಾಸಿಯಾಗುತ್ತಾ ಎಂದು ಸೊಸೆ ಕೇಳಿದ್ದಕ್ಕೆ ಡಾಕ್ಟರು ಚೀಟಿಯ ಮೇಲಿನ ಕಣ್ಣು ತೆಗೆಯದೆ, ನೋಡಿಕೊಳ್ಳಿ ಎಂದಷ್ಟೇ ಹೇಳಿದರು.

ಆ ಸಂಜೆ ಅಡುಗೆಮನೆಯಲ್ಲಿ ಜಗಳವಾಯಿತು. ಅನ್ನ ತಟ್ಟೆಯಲ್ಲಿ ಆರುತ್ತಿತ್ತು, ಯಾರೂ ಕೈ ಹಾಕಿರಲಿಲ್ಲ. ಗಂಡ ತಗ್ಗಿದ ದನಿಯಲ್ಲೇ ಶುರುಮಾಡಿದ.

"ಊರಿಗೆಲ್ಲ ಮೂಸಿ ಹೇಳೋಳು ನೀನು. ನಮ್ಮಮ್ಮನ ಬೆನ್ನು ಕೊಳೆತಿದ್ದು ಗೊತ್ತಾಗಲಿಲ್ಲ."

"ಹೊರಳಿಸೋಕೆ ಒಂದು ಕೈ ಕೊಡಿ ಅಂತ ದಿನಾ ಕರೆದೆ ರೀ. ಒಂದು ದಿನ ಬಂದಿದ್ರೆ ನಿಮ್ಮ ಕಣ್ಣಿಗಾದರೂ ಬೀಳ್ತಿತ್ತು."

"ನಾನು ಬಿಚ್ಚಿದ್ದೆ," ಎಂದಳು ಮಗಳು. "ನೀವಿಬ್ಬರೂ ಸೇರಿ ಬೈದ್ರಿ."

ಅಲ್ಲಿಗೆ ಜಗಳ ನಿಂತಿತು. ಮಗಳು ತಟ್ಟೆ ತಳ್ಳಿ ಅಜ್ಜಿಯ ಬಳಿ ಹೋಗಿ ಕೂತಳು. ಗಂಡ ಮೂರು ತಟ್ಟೆಯ ಅನ್ನವನ್ನೂ ಪಾತ್ರೆಗೆ ವಾಪಸು ಸುರಿದು ಮುಚ್ಚಿಟ್ಟ.

ಮಾರನೇ ವಾರ ಸೊಸೆ ಕಾರ್ಖಾನೆಗೆ ಹೋಗಿ ಮೇಡಂ ಎದುರು ನಿಂತಳು. ತನ್ನ ಫಾರಂ ವಾಪಸು ಬೇಕು, ಅದರಲ್ಲಿ ಬರೆದದ್ದು ಸರಿಯಿಲ್ಲ ಎಂದಳು. ಏನು ಸರಿಯಿಲ್ಲ, ವಾಸನೆ ಬಂದಿತ್ತೇ ಎಂದು ಮೇಡಂ ಕೇಳಿದರು. ಇಲ್ಲ, ವಾಸನೆ ಬರಲಿಲ್ಲ. ಮತ್ತೆ ಬರೆದದ್ದು ಸರಿಯಾಗಿಯೇ ಇದೆಯಲ್ಲ ಎಂದರು. ಸೊಸೆ ಬೆನ್ನಿನ ಕಥೆ ಹೇಳಿದಳು. ಮೇಡಂ ಕೆಟ್ಟವರಲ್ಲ. ಪೂರ್ತಿ ಕೇಳಿದರು, ಕಣ್ಣಲ್ಲಿ ನೀರು ತಂದುಕೊಂಡರು, ಕುರ್ಚಿ ಎಳೆದು ಕೂರಿಸಿ ಚಹಾ ತರಿಸಿದರು. ಆದರೆ ಅದು ವಾಸನೆಯ ಫಾರಂ, ಚರ್ಮದ ಪರೀಕ್ಷೆ ಬೇರೆ, ಅದನ್ನು ಎದ್ದು ಓಡಾಡುವ ಆರೋಗ್ಯವಂತರ ಮೇಲೆ ಮಾಡಿ ಮುಗಿಸಿದ್ದಾರೆ ಎಂದರು. ಬೇಕಾದರೆ ಕಾಗದ ಬರೆದು ಕೊಡಿ, ಮೇಲಕ್ಕೆ ಕಳಿಸುತ್ತೇನೆ. ಆದರೆ ನೋಡಿ, ಒದ್ದೆಯಾದರೆ ಬದಲಿಸಿ ಎಂದು ಪೆಟ್ಟಿಗೆಯ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದೆ, ಮೊದಲು ನಿಮ್ಮನ್ನೇ ಕೇಳುತ್ತಾರೆ.

"ಹನ್ನೆರಡು ಗಂಟೆ ಮುಟ್ಟಬೇಡಿ ಅಂದದ್ದು ನೀವೇ ಅಲ್ವಾ ಮೇಡಂ?"

"ಪರೀಕ್ಷೆಗೆ ಹಾಗೆ ಹೇಳಿದ್ದು. ಪಾಪ, ಅವರಿಗೆ ಉರಿ ಇತ್ತು ಅಂತ ನನಗೆ ಹೇಗೆ ಗೊತ್ತಾಗಬೇಕು? ನೀವು ಬರೀಲಿಲ್ಲವಲ್ಲ."

ಬರೆಯಲು ಫಾರಂನಲ್ಲಿ ಜಾಗವೇ ಇರಲಿಲ್ಲ. ಅದನ್ನು ಹೇಳಬೇಕೆಂದು ಸೊಸೆ ಬಾಯಿ ತೆರೆದಳು. ಅತ್ತೆ ತನಗೆ ಹೇಳಿದಾಗ ತನಗೆ ಕಿವಿಯೇ ಇರಲಿಲ್ಲ ಎಂಬುದು ಆಗ ನೆನಪಾಯಿತು. ಆದರೂ ಕಾಗದ ಬರೆದು ಕೊಟ್ಟಳು. ಅದು ಎಲ್ಲಿಗೆ ಹೋಯಿತೋ, ಯಾರು ಓದಿದರೋ, ಉತ್ತರವಂತೂ ಬರಲಿಲ್ಲ. ಮುಂದಿನ ತಿಂಗಳು ಆ ಡೈಪರ್ ಅಂಗಡಿಗಳಿಗೆ ಬಂತು. ಹನ್ನೆರಡು ಗಂಟೆ ವಾಸನೆಯಿಲ್ಲ, ಮನೆಗಳಲ್ಲಿ ಪರೀಕ್ಷಿಸಿದ್ದು ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರ. ಬೀದಿ ಕೊನೆಯ ಔಷಧಿ ಅಂಗಡಿಯಲ್ಲಿ ಗಾಯದ ಬಟ್ಟೆ ಕೊಳ್ಳಲು ನಿಂತಾಗ ಅವಳ ಮುಂದಿದ್ದ ಗಂಡಸು ಎರಡು ಪೆಟ್ಟಿಗೆ ಕೊಂಡ. ಇವಳು ಅವನನ್ನು ತಡೆದು, ದಿನಾ ತೆಗೆದು ನೋಡಿ, ಒದ್ದೆ ಇರುತ್ತದೆ ಎಂದಳು. ಅವನು ಇವಳನ್ನು ಮೇಲಿಂದ ಕೆಳಗೆ ನೋಡಿ ಹೊರಟುಹೋದ. ಕೆಲಸ ಬಿಡುತ್ತೇನೆ ಎಂದು ಅವಳು ಗಂಡನಿಗೆ ಹೇಳಿದಳು. ಸೂಜಿಮದ್ದಿಗೆ ದುಡ್ಡು ಎಲ್ಲಿಂದ ತರುವುದು ಎಂದು ಅವನು ಕೇಳಿದ. ಅತ್ತೆಗಾಗಿ ಹಾಕಿದ್ದ ರಜೆ ಮುಗಿದ ದಿನ ಅವಳು ಮತ್ತೆ ಭರಣಿಗಳ ಮುಂದೆ ಹೋಗಿ ಕೂತಳು.

ಮನೆಯಲ್ಲಿ ಹಗ್ಗ ಮತ್ತೆ ಬಂತು, ಬಟ್ಟೆ ಮತ್ತೆ ಬಂತು. ಮಗಳು ಮಧ್ಯಾಹ್ನದ ತರಗತಿ ಬಿಟ್ಟಳು. ಯಾರೂ ಹೇಳದೆಯೇ ಗಂಡ ಮಂಚದ ಬಳಿ ಬಂದ. ಮೊದಲ ದಿನ ಬಿಸಿನೀರಿನ ಪಾತ್ರೆಯನ್ನು ಚೆಲ್ಲಿಬಿಟ್ಟ. ಆಮೇಲೆ ತಾಯಿಯನ್ನು ಹೊರಳಿಸಿ ಹಿಡಿಯುವುದು, ಒರೆಸುವುದು, ಗಾಯದೊಳಗಿನ ಬಟ್ಟೆ ಎಳೆದು ತೆಗೆಯುವುದು, ಎಲ್ಲವನ್ನೂ ಕಲಿತ. ಅತ್ತೆ ಕಣ್ಣು ಮುಚ್ಚಿಕೊಂಡು ಮಗನಿಗೆ ಮೈ ಒಪ್ಪಿಸುತ್ತಿದ್ದರು. ಗೋಡೆಯ ಮೇಲೆ ಎರಡೆರಡು ಗಂಟೆಯ ಪಾಳಿಯ ಪಟ್ಟಿ ಅಂಟಿಸಿದ್ದರು. ಇಷ್ಟು ಅಚ್ಚುಕಟ್ಟಾಗಿ ಆ ಮನೆಯಲ್ಲಿ ಹಿಂದೆ ಯಾವ ಕೆಲಸವೂ ನಡೆದಿರಲಿಲ್ಲ. ಆದರೆ ಗಾಯ ತುಂಬಲಿಲ್ಲ. ಮೂರನೇ ವಾರ ಕಟ್ಟು ಬಿಚ್ಚಿದಾಗ ಒಳಗೆ ಬೆಳ್ಳಗೆ ಮೂಳೆ ಕಂಡಿತು.

ವ್ಯಾಯಾಮದ ಹುಡುಗಿ ಬಂದು ಬಾಗಿಲಲ್ಲೇ ನಿಂತು ನೋಡಿ, ಇನ್ನು ತಾನು ಬರುವ ಅಗತ್ಯವಿಲ್ಲ ಎಂದು ಮೆಲ್ಲಗೆ ಹೇಳಿಹೋದಳು. ಅತ್ತೆಗೆ ಅದು ಕೇಳಿಸಿತು. ಕುರ್ಚಿಯನ್ನು ಕಣ್ಣೆದುರಿಂದ ತೆಗೆದಿಡು ಎಂದು ಮೊಮ್ಮಗಳಿಗೆ ಹೇಳಿದರು.

ಆಮೇಲೆ ಗಾಯ ನಾರತೊಡಗಿತು. ಕಟ್ಟಿದ್ದ ಮೂಗು ಎಂದೋ ಬಿಟ್ಟಿದ್ದರಿಂದ ಮೊದಲು ತಿಳಿದದ್ದು ಸೊಸೆಗೇ. ಅವಳು ಯಾರಿಗೂ ಹೇಳಲಿಲ್ಲ. ಎರಡು ದಿನಕ್ಕೆ ಎಲ್ಲರಿಗೂ ತಿಳಿಯಿತು, ಅವರೂ ಹೇಳಲಿಲ್ಲ. ಕಿಟಕಿ ತೆರೆದರು, ನೆಲಕ್ಕೆ ಫಿನಾಯಿಲ್ ಹಾಕಿದರು. ಒಂದು ಸಂಜೆ ಗಂಡ ಹಸಿವಿಲ್ಲ ಎಂದು ಎದ್ದುಹೋಗಿ ಅಡುಗೆಮನೆಯಲ್ಲಿ ನಿಂತುಕೊಂಡೇ ಉಂಡ. ಮಗಳು ಗೆಳತಿಯ ಮನೆಯಲ್ಲಿ ತಿಂದು ಬಂದೆ ಎಂದಳು. ಸೊಸೆ ಮೇಜಿನ ಮುಂದೆ ಕೂತು ನಾಲ್ಕು ತುತ್ತು ನುಂಗಿದಳು, ಐದನೆಯದಕ್ಕೆ ಎದ್ದು ಬಚ್ಚಲಿಗೆ ಓಡಿದಳು. ಮರುದಿನದಿಂದ ಅತ್ತೆಗೆ ಮೊದಲು ತಿನ್ನಿಸಿ, ಆಮೇಲೆ ಒಬ್ಬೊಬ್ಬರೂ ಏನೋ ನೆಪ ಹೇಳಿ ಒಳಗೆ ಹೋಗಿ ಉಣ್ಣತೊಡಗಿದರು. ಬಾಗಿಲು ಮುಚ್ಚುತ್ತಿದ್ದರು, ತಟ್ಟೆಯ ಸದ್ದು ಮಾಡದಂತೆ ಎಚ್ಚರ ವಹಿಸುತ್ತಿದ್ದರು. ಅತ್ತೆ ಮಾತ್ರ ಕತ್ತು ಹೊರಳಿಸಿ ಖಾಲಿ ಮೇಜನ್ನೇ ನೋಡುತ್ತ ಮಲಗಿರುತ್ತಿದ್ದರು. ಒಂದು ವಾರ ಹೀಗೇ ನಡೆಯಿತು.

ಶನಿವಾರ ಸಂಜೆ ಸೊಸೆ ಬಟ್ಟೆ ಬದಲಿಸಲು ಬಂದಾಗ ಅತ್ತೆ ಅವಳ ಕೈ ಹಿಡಿದರು. ಬಲಗೈಯಲ್ಲಿ ಇನ್ನೂ ಒಂದಿಷ್ಟು ಬಿಗಿಯಿತ್ತು.

"ಆ ಡೈಪರ್ ಇನ್ನೂ ಉಳಿದಿದೆಯಾ?"

"ಅರ್ಧ ಪೆಟ್ಟಿಗೆ ಇದೆ. ಯಾಕತ್ತೆ?"

"ತಂದು ಕಟ್ಟು."

ಸೊಸೆಗೆ ಮೊದಲು ಅರ್ಥವಾಗಲಿಲ್ಲ. ಜ್ವರದಲ್ಲಿ ಏನೋ ಹೇಳುತ್ತಿದ್ದಾರೆಂದುಕೊಂಡಳು. ಆಸ್ಪತ್ರೆಯಲ್ಲಿ ಬೇಡ ಎಂದಿದ್ದಾರೆ, ಕಟ್ಟಿದರೆ ಗಾಯ ಇನ್ನೂ ಒಳಗೆ ಹೋಗುತ್ತದೆ ಎಂದಳು.

"ಇನ್ನೆಲ್ಲಿಗೆ ಹೋಗುತ್ತೆ? ಮೂಳೆ ತನಕ ಹೋಗಿ ಆಯ್ತಲ್ಲ."

"ಹಾಗೆಲ್ಲ ಅನ್ನಬೇಡಿ ಅತ್ತೆ."

"ನಾಲ್ಕು ದಿನ ಹೆಚ್ಚಿಗೆ ಇದ್ದು ಈ ಗೋಡೆ ನೋಡಿಕೊಂಡು ಮಲಗಲಾ? ಒಬ್ಬಳೇ ಇರೋಕೆ ಆಗ್ತಾ ಇಲ್ಲ ಕಣಮ್ಮ ನನಗೆ. ಇಲ್ಲಿ ಬಂದು ಕೂತು ಉಣ್ಣಿ."

ಸೊಸೆ ಅವರ ಎದೆಯ ಮೇಲೆ ತಲೆಯಿಟ್ಟು ಅತ್ತಳು. ತಪ್ಪಾಯಿತು ಎಂದು ಹೇಳಬೇಕೆಂದು ಅವಳು ಅಷ್ಟು ದಿನ ಕಾದಿದ್ದಳು, ಹೇಳಿದಳು. ಊಟದ ಹೊತ್ತಾಯಿತು, ಎದ್ದು ಕಟ್ಟು ಎಂದರು ಅತ್ತೆ.

ಅವಳು ಪೆಟ್ಟಿಗೆಯಿಂದ ಒಂದನ್ನು ತಂದಳು. ಮಗಳನ್ನು ಕರೆಯಲಿಲ್ಲ, ಒಬ್ಬಳೇ ಮಂಡಿ ಮಡಚಿ, ಸೊಂಟ ಎತ್ತಿ, ಗಾಯದ ಬಟ್ಟೆಯ ಮೇಲೆಯೇ ಬಿಗಿಯಾಗಿ ಕಟ್ಟಿದಳು. ಅತ್ತೆ ಹಲ್ಲು ಕಚ್ಚಿ ಸಹಿಸಿಕೊಂಡರು. ಕಾಲು ಗಂಟೆ ಕಳೆಯುವಷ್ಟರಲ್ಲಿ ಕೋಣೆಯಲ್ಲಿ ಕಿಟಕಿಯಿಂದ ಬರುವ ಗಾಳಿಯ ವಾಸನೆ, ಒಳಗೆ ಬೇಯುತ್ತಿದ್ದ ಬೇಳೆಯ ವಾಸನೆ ತಿಳಿಯತೊಡಗಿತು. ಸೊಸೆ ಮೇಜು ಒರೆಸಿ ನಾಲ್ಕು ತಟ್ಟೆ ಇಟ್ಟಳು.

ಗಂಡ ಪಾತ್ರೆ ಹಿಡಿದು ಬಾಗಿಲಿಗೆ ಬಂದವನು ಅಲ್ಲೇ ನಿಂತ. ಉಸಿರು ಎಳೆದುಕೊಂಡ. ಹೆಂಡತಿಯ ಮುಖ ನೋಡಿದ, ತಾಯಿಯ ಮೇಲೆ ಹೊದೆಸಿದ್ದ ಹೊದಿಕೆ ನೋಡಿದ. ಅವನಿಗೆ ಎಲ್ಲ ತಿಳಿಯಿತು. ಪಾತ್ರೆಯನ್ನು ಮೇಜಿನ ಮೇಲಿಟ್ಟು ಕೂತ. ಮಗಳು ಬಂದು ಹೊದಿಕೆಗೆ ಕೈ ಹಾಕಿದಳು. ಅಜ್ಜಿ ಆ ಕೈಯನ್ನು ಸರಿಸಿ, ನಿನಗೆ ಬಡಿಸಿದ್ದಾರೆ ನೋಡು, ಕೂತ್ಕೋ ಎಂದರು. ಅವಳು ತಾಯಿಯನ್ನು ದಿಟ್ಟಿಸಿ ನೋಡಿ ಕೂತಳು.

ಊಟ ಮಾಡಿದರು. ನಡುವೆ ಅತ್ತೆ, ಈ ವಾರ ಯಾರೂ ಲಿಫ್ಟಲ್ಲಿ ಸಿಕ್ಕಿಕೊಳ್ಳಲಿಲ್ಲವೇನೋ ಎಂದು ಮಗನನ್ನು ಕೇಳಿದರು. ಅವನು ಹೇಳತೊಡಗಿದ. ಮದುಮಗ ಒಬ್ಬ ಎರಡು ಗಂಟೆ ಸಿಕ್ಕಿಕೊಂಡು ಒಳಗಿನಿಂದ ಮಾವನಿಗೆ ಬೈಯುತ್ತಿದ್ದನಂತೆ. ಮಗಳಿಗೆ ನಗು ಬಂತು. ಅತ್ತೆಯೂ ಬಾಯಿಯ ಬಲಭಾಗದಲ್ಲಿ ನಕ್ಕರು. ಸೊಸೆ ಪಾಳಿಯ ಪಟ್ಟಿಯ ಕಡೆ ನೋಡಿದಳು. ಹೊರಳಿಸುವ ಹೊತ್ತು ಮೀರಿತ್ತು. ಅವಳು ಏಳಲು ಹೋದರೆ ಅತ್ತೆ ಕಣ್ಣಿನಲ್ಲೇ ಬೇಡ ಎಂದರು, ಮಗನ ಖಾಲಿ ತಟ್ಟೆಯನ್ನು ತೋರಿಸಿದರು. ಸೊಸೆ ಪಾತ್ರೆ ಎಳೆದುಕೊಂಡು ಗಂಡನಿಗೆ ಇನ್ನೊಂದು ಸೌಟು ಅನ್ನ ಬಡಿಸಿದಳು.